ಪಂದ್ಯಕ್ಕೆ ಮುನ್ನ ಅಚ್ಚಾದ ಹಾಳೆ

ಇಂಗ್ಲೆಂಡಿನ ಹಳೆಯ ಫುಟ್‌ಬಾಲ್ ಪ್ರೋಗ್ರಾಮ್‌ಗಳನ್ನು ಸಂಗ್ರಹಿಸಹೊರಟವರು ಮೊದಲು ಮನಸ್ಸಿನಲ್ಲಿಡಬೇಕಾದ ಸಂಗತಿ ಒಂದಿದೆ. ಪಂದ್ಯ ಶುರುವಾಗುವ ಮುಂಚೆಯೇ ಅಚ್ಚಾಗಿ, ಬಂದ ಜನಕ್ಕೆ ಚಿಲ್ಲರೆ ಕಾಸಿಗೆ ಮಾರಾಟವಾದ ಹಾಳೆಗಳಿವು. ಯಾರು ಗೆದ್ದರೆಂದು ಇವಕ್ಕೆ ಗೊತ್ತೇ ಇಲ್ಲ. ನಿರೀಕ್ಷೆಯೊಂದೇ ತುಂಬಿರುವ ಕಾಗದ ಎಂದುಕೊಂಡು ಓದಿದರೆ ಇವುಗಳ ರುಚಿ ಹತ್ತುತ್ತದೆ.

1882ರ ಎಫ್.ಎ. ಕಪ್ ಫೈನಲ್‌ನಲ್ಲಿ ಓಲ್ಡ್ ಈಟೋನಿಯನ್ಸ್ ತಂಡ ಬ್ಲ್ಯಾಕ್‌ಬರ್ನ್ ರೋವರ್ಸ್ ಎದುರು ಆಡಿದಾಗ ಪ್ರೋಗ್ರಾಮ್ ಎಂದರೆ ಬರೀ ಒಂದು ಹಾಳೆ. ಅದರ ಒಂದು ಪ್ರತಿ 2013ರಲ್ಲಿ ಲಂಡನ್ನಿನ ಹರಾಜಿನಲ್ಲಿ 35,250 ಪೌಂಡಿಗೆ ಹೋಯಿತು. 1885ರಲ್ಲಿ ಆಟಗಾರರಿಗೆ ಸಂಬಳ ಕೊಡಲು ಅನುಮತಿ ಸಿಕ್ಕಿತು. 1888ರಲ್ಲಿ 12 ಕ್ಲಬ್ಬುಗಳ ಲೀಗ್ ಹುಟ್ಟಿತು. ಕಾರ್ಖಾನೆಯ ಜನ ಶನಿವಾರ ಮಧ್ಯಾಹ್ನ ಮೈದಾನಕ್ಕೆ ನುಗ್ಗತೊಡಗಿದಂತೆ ಹಾಳೆ ಪುಸ್ತಿಕೆಯಾಯಿತು. ಲಿವರ್‌ಪೂಲ್ ನಗರದಲ್ಲಂತೂ ಬದ್ಧ ಎದುರಾಳಿಗಳಾದ ಎವರ್ಟನ್ ಮತ್ತು ಲಿವರ್‌ಪೂಲ್ ಕ್ಲಬ್ಬುಗಳು 1904ರಿಂದ ಸುಮಾರು ಮೂರು ದಶಕ ಒಂದೇ ಪ್ರೋಗ್ರಾಮ್ ಹಂಚಿಕೊಂಡವು.

ನಡುಪುಟದಿಂದ ಓದಿ

ಮುಖಪುಟದ ಚಿತ್ರ ಎಷ್ಟೇ ಚೆಂದವಿರಲಿ, ಮೊದಲು ನಡುಪುಟ ಬಿಡಿಸಿ. ಮೇಲೆ ಗೋಲ್‌ಕೀಪರ್, ಕೆಳಗೆ ಇಬ್ಬರು ಬ್ಯಾಕ್‌ಗಳು, ಮೂವರು ಹಾಫ್‌ಬ್ಯಾಕ್‌ಗಳು, ಐವರು ಫಾರ್ವರ್ಡ್‌ಗಳು. ಅವರೆದುರು ಇನ್ನೊಂದು ತಂಡ ತಲೆಕೆಳಗಾಗಿ. ಮೈದಾನವೇ ಪುಟಕ್ಕೆ ಇಳಿದಿರುತ್ತದೆ. ಲೀಗ್‌ನಲ್ಲಿ ಅಂಗಿಯ ಮೇಲೆ ಸಂಖ್ಯೆ ಕಡ್ಡಾಯವಾದದ್ದು 1939ರಲ್ಲಿ. ಅಲ್ಲಿಯವರೆಗೆ ಅಂಚಿನಲ್ಲಿ ಓಡುತ್ತಿರುವವನು ಯಾರೆಂದು ಗುರುತಿಸಲು ಪ್ರೇಕ್ಷಕನಿಗೆ ಈ ಪುಟವೇ ಗತಿ.

ಆಮೇಲೆ ಎ, ಬಿ, ಸಿ ಅಕ್ಷರಗಳ ಪಟ್ಟಿ ಹುಡುಕಿ. ಒಂದೊಂದು ಅಕ್ಷರಕ್ಕೂ ಅಂದು ಬೇರೆ ಊರಲ್ಲಿ ನಡೆಯುತ್ತಿದ್ದ ಒಂದೊಂದು ಪಂದ್ಯ. ಅರ್ಧವಿರಾಮದಲ್ಲಿ ಮೈದಾನದ ಹಲಗೆಯ ಮೇಲೆ ಅಕ್ಷರದ ಪಕ್ಕ ಗೋಲುಗಳನ್ನಷ್ಟೇ ತೂಗುಹಾಕುತ್ತಿದ್ದರು. ಯಾವ ಅಕ್ಷರ ಯಾವ ಪಂದ್ಯ ಎಂಬುದು ಪ್ರೋಗ್ರಾಮ್ ಕೊಂಡವರಿಗೆ ಮಾತ್ರ ತಿಳಿಯುತ್ತಿತ್ತು. ಉಳಿದವರು ಪಕ್ಕದವರನ್ನು ಕೇಳಬೇಕು.

ಪೆನ್ಸಿಲ್ ಗುರುತು ಕಂಡರೆ ಬಿಡಬೇಡಿ

ಗೀಚದ, ಮಡಿಸದ ಪ್ರತಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು. ರಸಿಕರ ಲೆಕ್ಕ ಬೇರೆಯಾಗಿರಲಿ. ಒಂದು ಹೆಸರು ಹೊಡೆದು ಪಕ್ಕದಲ್ಲಿ ಇನ್ನೊಂದು ಬರೆದಿದ್ದರೆ, ಕೊನೆಗಳಿಗೆಯಲ್ಲಿ ಆದ ಬದಲಾವಣೆ ನಿಮ್ಮ ಕಣ್ಣೆದುರಿಗಿದೆ.

1958ರ ಫೆಬ್ರವರಿ 19ರ ಮ್ಯಾಂಚೆಸ್ಟರ್ ಯುನೈಟೆಡ್–ಶೆಫೀಲ್ಡ್ ವೆನ್ಸ್‌ಡೇ ಪಂದ್ಯದ ಪ್ರೋಗ್ರಾಮ್ ನೋಡಿ. ಹದಿಮೂರು ದಿನದ ಹಿಂದೆ ಮ್ಯೂನಿಕ್‌ನ ವಿಮಾನ ಅಪಘಾತದಲ್ಲಿ ಯುನೈಟೆಡ್‌ನ ಏಳು ಆಟಗಾರರು ಸ್ಥಳದಲ್ಲೇ ಸತ್ತಿದ್ದರು. ಯಾರು ಆಡುತ್ತಾರೆಂದು ಅಚ್ಚಿನ ಹೊತ್ತಿಗೆ ಗೊತ್ತಿರಲಿಲ್ಲ. ಹಾಗಾಗಿ ಹನ್ನೊಂದು ಹೆಸರಿನ ಜಾಗವನ್ನೂ ಖಾಲಿ ಬಿಟ್ಟರು. ಸ್ಟಾನ್ ಕ್ರೌದರ್ ಆ ಕ್ಲಬ್ಬಿಗೆ ಸಹಿ ಹಾಕಿದ್ದೇ ಅಂದು, ಆಟ ಶುರುವಾಗಲು ಸ್ವಲ್ಪ ಮುಂಚೆ. ಬಂದವರು ಆ ಜಾಗಗಳಲ್ಲಿ ಹೆಸರುಗಳನ್ನು ತಾವೇ ಬರೆದುಕೊಂಡರು. ಯುನೈಟೆಡ್ 3–0ರಿಂದ ಗೆದ್ದಿತು. ಅಭಿಮಾನಿಯ ಅಕ್ಷರ ಬಿದ್ದ ಪ್ರತಿಯನ್ನು ಕೆಟ್ಟ ಪ್ರತಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಸಲು, ನಕಲು, ಕಾಪು

ಹೆಸರಾಂತ ಪಂದ್ಯಗಳ ಪ್ರೋಗ್ರಾಮ್‌ಗಳಿಗೆ ಮರುಮುದ್ರಣಗಳು ಬೇಕಾದಷ್ಟಿವೆ. ಹಳೆಯವು ಹೆಚ್ಚಾಗಿ ಅಚ್ಚುಮೊಳೆಯ ಮುದ್ರಣ; ಮೊಳೆ ಒತ್ತಿದ ಗುರುತು ಕಾಗದದ ಹಿಂಬದಿಯಲ್ಲಿ ಬೆರಳಿಗೆ ತಗಲುವುದುಂಟು. ಭೂತಗನ್ನಡಿ ಹಿಡಿದಾಗ ಅಕ್ಷರಗಳೇ ಚುಕ್ಕಿಚುಕ್ಕಿಯಾಗಿ ಕಂಡರೆ ಅದು ಫೋಟೊ ತೆಗೆದು ಅಚ್ಚುಹಾಕಿದ್ದೆಂದು ಅನುಮಾನಿಸಿ. ಯುದ್ಧಕಾಲದ್ದು ಮಡಿಸಿದ ಒಂದೇ ಹಾಳೆಯಾಗಿದ್ದರೆ ಪುಟ ಹರಿದುಹೋಗಿದೆ ಎಂದುಕೊಳ್ಳಬೇಡಿ. ಆಗ ಕಾಗದಕ್ಕೆ ಬರವಿತ್ತು.

ಹರಿದದ್ದಕ್ಕೆ ಅಂಟುಟೇಪು ಹಚ್ಚಬೇಡಿ. ಪಿವಿಸಿ ಕವರು ಬೇಡ, ಪಾಲಿಯೆಸ್ಟರ್ ಕವರು ಒಳ್ಳೆಯದು. ಬಿಸಿಲು, ತೇವ ಎರಡರಿಂದಲೂ ದೂರವಿಡಿ. ಪಿನ್ನು ತುಕ್ಕು ಹಿಡಿದರೆ ಕಾಗದವನ್ನೂ ತಿನ್ನುತ್ತದೆ.

ಶುರುಮಾಡುವವರು ಒಂದು ಕ್ಲಬ್ಬನ್ನೋ ಒಂದು ಋತುವನ್ನೋ ಆರಿಸಿಕೊಳ್ಳಿ. 1950ರ ದಶಕದ ಸಾಧಾರಣ ಲೀಗ್ ಪಂದ್ಯಗಳ ಪ್ರೋಗ್ರಾಮ್‌ಗಳು ದುಬಾರಿಯಲ್ಲ. ಕೊಂಡ ಮೇಲೆ ಫಲಿತಾಂಶ ಹುಡುಕಲು ಅವಸರಪಡಬೇಡಿ. ಮೊದಲು ಇಡೀ ಪುಸ್ತಿಕೆ ಓದಿ, ಯಾರು ಗೆಲ್ಲಬಹುದೆಂದು ನೀವೇ ಊಹಿಸಿ. ಅದನ್ನು ಕೊಂಡ ಮೊದಲ ಓದುಗನೂ ಹಾಗೆಯೇ ಓದಿದ್ದ.