ಹಿಮ್ಮೇಳಕ್ಕೆ ಕಿವಿಗೊಡಿ

ಮಂದ್ರೂಪ, ಅಕ್ಕಲಕೋಟ ಸೀಮೆಯ ಕನ್ನಡ ಭಜನೆಯನ್ನು ಹೊಸದಾಗಿ ಕೇಳುವವರ ಗಮನವೆಲ್ಲ ಮುಂದೆ ಕೂತು ಪದ ಎತ್ತುವವರ ಕಂಠದ ಮೇಲಿರುತ್ತದೆ. ಕಂಠ ಇಂಪಾಗಿದ್ದರೆ ಒಳ್ಳೆಯದೇ. ಆದರೆ ಮೇಳ ನಡೆಸುವವರ ವಿದ್ಯೆ ತಿಳಿಯಬೇಕಾದರೆ ಹಿಂದೆ ಕೂತವರನ್ನು ಕೇಳಬೇಕು. ಕಡಕೋಳ ಮಡಿವಾಳಪ್ಪನವರ ತತ್ವಪದವೊಂದು ನಡೆದಿದೆ ಎನ್ನಿ. ನುಡಿ ಮುಗಿದು ಪಲ್ಲವಿಗೆ ತಿರುಗುವ ಆ ಒಂದು ಗಳಿಗೆಯನ್ನೇ ಕಾದು ಕೇಳಿ. ಮುಂದಿನವರು ಕಡೆಯ ಅಕ್ಷರವನ್ನು ಎಷ್ಟು ಎಳೆದರು, ಉಸಿರಿಗೆ ಎಷ್ಟು ತೆರಪು ಬಿಟ್ಟರು ಎನ್ನುವುದರ ಮೇಲೆ ಹತ್ತು ಜನರ ದನಿ ಒಂದಾಗಿ ಏಳುವುದೋ ಚದುರುವುದೋ ನಿಂತಿದೆ. ಲಯ ಏರುವಾಗಲೂ ಅಷ್ಟೆ. ತಾಳ, ದಮ್ಮಡಿ ಅವಸರಪಟ್ಟರೆ ಮಾತು ಮುಳುಗುತ್ತದೆ. ತತ್ವಪದದಲ್ಲಿ ಮಾತು ಮುಳುಗಿದರೆ ಉಳಿಯುವುದು ಸದ್ದು ಮಾತ್ರ.

ಈ ವಿದ್ಯೆ ಗುಂಪಿನ ಒಳಗಿದ್ದವರಿಗೇ ಚೆನ್ನಾಗಿ ಒಲಿಯುತ್ತದೆ ಎನ್ನಲು ದೂರದ ಸಾಕ್ಷಿಯೊಂದಿದೆ. ಫ್ರಾನ್ಸಿನ ಹೆಸರಾಂತ ವಾದ್ಯವೃಂದ ನಿರ್ದೇಶಕ ಶಾರ್ಲ್ ಮ್ಯೂನ್ಶ್ 1891ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಹುಟ್ಟಿದರು. ತಂದೆ ಚರ್ಚಿನ ಗಾಯನವೃಂದ ನಡೆಸುತ್ತಿದ್ದವರು. ಮಗ ಲೈಪ್‌ಜಿಗ್‌ನ ಗೆವಾಂಡ್‌ಹೌಸ್ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತ ಪರರ ಕೈಸನ್ನೆಗೆ ನಡೆದವರು. ಪ್ಯಾರಿಸ್ಸಿನಲ್ಲಿ ನಿರ್ದೇಶಕರಾಗಿ ನಿಂತದ್ದು 1932ರಲ್ಲಿ, ನಲವತ್ತು ದಾಟಿದ ಮೇಲೆ. 1949ರಿಂದ 1962ರವರೆಗೆ ಬಾಸ್ಟನ್ ವಾದ್ಯವೃಂದ ಅವರ ಕೈಯಲ್ಲಿತ್ತು. ಸಂಗೀತ ರಚನಕಾರ ಬೆರ್ಲಿಯೋಸನ ರಿಕ್ವಿಯಮ್‌ನಂಥ, ದೊಡ್ಡ ಗಾಯನವೃಂದವೂ ನಾಲ್ಕು ದಿಕ್ಕಿನ ಕಹಳೆಗಳೂ ಬೇಕಾಗುವ ಕೃತಿಯನ್ನು ಅಲ್ಲಿಯೇ 1959ರಲ್ಲಿ ಧ್ವನಿಮುದ್ರಿಸಿದರು. 1967ರಲ್ಲಿ ಹೊಸದಾಗಿ ಕಟ್ಟಿದ ಪ್ಯಾರಿಸ್ ವಾದ್ಯವೃಂದದ ಮೊದಲ ನಿರ್ದೇಶಕರಾದರು. ಮರುವರ್ಷ ಅದೇ ವೃಂದದೊಂದಿಗೆ ಅಮೆರಿಕ ಪ್ರವಾಸದಲ್ಲಿರುವಾಗ ತೀರಿಕೊಂಡರು. ಹಿಂದೆ ಕೂತವರ ಉಸಿರಿನ ಅಳತೆ ಅವರಿಗೆ ಗೊತ್ತಿದ್ದುದು ತಾವೂ ಅಲ್ಲಿ ಕೂತಿದ್ದರಿಂದಲೇ ಎಂದು ನನ್ನ ನಂಬಿಕೆ. ನಮ್ಮ ಮೇಳಗಳಲ್ಲೂ ತಾಳ ಹಿಡಿದು ಕಲಿತವರೇ ಮುಂದೆ ಪದ ಎತ್ತುತ್ತಾರೆ.

ಈ ಹೋಲಿಕೆ ಒಪ್ಪದವರ ಮಾತಿನಲ್ಲಿ ಹುರುಳಿದೆ. ಅಲ್ಲಿನ ನಿರ್ದೇಶಕ ಬಾಯಿ ಬಿಡುವುದಿಲ್ಲ, ಪ್ರತಿ ಸ್ವರವೂ ಕಾಗದದ ಮೇಲಿರುತ್ತದೆ. ಇಲ್ಲಿ ನಡೆಸುವವರು ತಾವೇ ಹಾಡುತ್ತಾರೆ, ಬರೆದಿಟ್ಟ ಸ್ವರ ಇಲ್ಲ. ನಿಜ. ಆದರೆ ಬರಹದ ಆಸರೆ ಇಲ್ಲದ್ದರಿಂದಲೇ ಇಲ್ಲಿನ ಹೊಣೆ ಹೆಚ್ಚು: ಪದವನ್ನು ಹಾಡುತ್ತಲೇ ಹಿಮ್ಮೇಳಕ್ಕೆ ಸುಳಿವನ್ನೂ ಕೊಡಬೇಕು, ಪೇಟಿ ಬಾರಿಸುವವರತ್ತ ಒಂದು ಕಣ್ಣೂ ಇಡಬೇಕು. ಹಿಮ್ಮೇಳ ಅದೇ ಪಲ್ಲವಿಯನ್ನು ಮತ್ತೆ ಮತ್ತೆ ಹಾಡುತ್ತದೆ, ಅದರಲ್ಲಿ ಕೇಳುವುದೇನಿದೆ ಎಂಬುದು ಇನ್ನೊಂದು ತಕರಾರು. ಪ್ರತಿ ನುಡಿಯೂ ಪಲ್ಲವಿಗೆ ಬೇರೆ ಅರ್ಥ ಹೊರಿಸಿ ಕಳಿಸುತ್ತದೆ. ದೇಹ ನಶ್ವರ ಎಂಬ ನುಡಿಯ ಬೆನ್ನಿಗೆ ಬರುವ ಪಲ್ಲವಿಯೂ ಗುರುಕೃಪೆಯ ನುಡಿಯ ಬೆನ್ನಿಗೆ ಬರುವ ಪಲ್ಲವಿಯೂ ಒಂದೇ ತೂಕದಲ್ಲಿ ಬಿದ್ದರೆ, ಆ ಮೇಳಕ್ಕೆ ಇನ್ನೂ ಅಭ್ಯಾಸ ಬೇಕು. ಒಂದು ತಗ್ಗಿ, ಇನ್ನೊಂದು ತುಂಬಿ ಬಂದರೆ, ಮುಂದೆ ಕೂತವರ ಕಂಠ ಒಡಕಾಗಿದ್ದರೂ ಬೆಳಗಿನತನಕ ಕೂತು ಕೇಳಿ.