ಓದು-ಬಫರ್: ಎಲೆ ಹಾಕುವವರು ಯಾರು, ಎತ್ತುವವರು ಯಾರು?

ಜಾಲದ ಮೂಲಕ ಬರುವ ಮಾಹಿತಿಯನ್ನು ಸರ್ವರ್ ಓದಿಕೊಳ್ಳಬೇಕಾದರೆ ಮೆಮೊರಿಯಲ್ಲಿ ಒಂದಿಷ್ಟು ಖಾಲಿ ಜಾಗ ಬೇಕು. ಅದೇ ಓದು-ಬಫರ್. ಅಸಮಕಾಲಿಕ ಪ್ರೋಗ್ರಾಮಿನಲ್ಲಿ ಸಾವಿರಾರು ಸಂಪರ್ಕಗಳು ಒಟ್ಟಿಗೆ ತೆರೆದಿದ್ದು, ಬಹುಪಾಲು ಸುಮ್ಮನೆ ಕಾಯುತ್ತಿರುತ್ತವೆ. ಪ್ರತಿಯೊಂದಕ್ಕೂ ಮೊದಲೇ 65,536 ಬೈಟ್ ಕೊಟ್ಟರೆ 10,000 ಸಂಪರ್ಕಗಳಿಗೆ ಎಷ್ಟಾಯಿತು, ನೀವೇ ಗುಣಿಸಿ ನೋಡಿ: 65 ಕೋಟಿ ಬೈಟಿಗೂ ಹೆಚ್ಚು! ರಾತ್ರಿಯ ಊಟಕ್ಕೆ ಬೆಳಗ್ಗೆಯೇ ಎಲೆ ಹಾಕಿಟ್ಟ ಹಾಗೆ.

ಈ ದೃಷ್ಟಿಯಿಂದ, ನೋಡ್ ಜೆಎಸ್‌ಗಾಗಿ 2011ರಲ್ಲಿ ರೂಪುಗೊಂಡ ಲಿಬ್‌ಯುವಿ ಎಂಬ ಸಿ ಲೈಬ್ರರಿಯನ್ನು ಪರಿಶೀಲಿಸೋಣ. ಲಿನಕ್ಸ್‌ನಲ್ಲಿ ಅದು ಮಾಹಿತಿ ಬರುವವರೆಗೆ ಬಫರ್ ಕೇಳುವುದಿಲ್ಲ. ಬಂದ ಮೇಲೆ ನಮ್ಮ ಒಂದು ಫಂಕ್ಷನ್ನನ್ನು ಕರೆದು ಜಾಗ ಪಡೆಯುತ್ತದೆ. ಓದಿದ ನಂತರ ಇನ್ನೊಂದು ಫಂಕ್ಷನ್ನಿಗೆ ಬಫರನ್ನೂ ಬೈಟುಗಳ ಸಂಖ್ಯೆಯನ್ನೂ ಒಪ್ಪಿಸುತ್ತದೆ. ಅತಿಥಿ ಕುಳಿತ ಮೇಲೆ ಎಲೆ. ಮೆಚ್ಚತಕ್ಕ ಏರ್ಪಾಡು.

ಆಕ್ಷೇಪವಿರುವುದು ಎಲೆ ಎತ್ತುವ ವಿಷಯದಲ್ಲಿ. ಬಫರನ್ನು ಬಿಡುಗಡೆ ಮಾಡುವ ಹೊಣೆ ಪೂರ್ತಿ ನಮ್ಮದು. ಸಂಖ್ಯೆ ಧನವಾಗಿದ್ದರೆ ಮಾಹಿತಿ ಬಂದಿದೆ. ಋಣವಾಗಿದ್ದರೆ ದೋಷ ಅಥವಾ ಮುಕ್ತಾಯ. ಸೊನ್ನೆಯಾಗಿದ್ದರೆ? ದೋಷವೂ ಅಲ್ಲ, ಮುಕ್ತಾಯವೂ ಅಲ್ಲ. ಸದ್ಯಕ್ಕೆ ಓದಲು ಏನೂ ಇಲ್ಲ ಎಂದಷ್ಟೇ ಅರ್ಥ. ಆದರೆ ಬಫರ್ ಆಗಲೇ ಖರ್ಚಾಗಿದೆ! ಧನ, ಋಣ ಎರಡನ್ನೂ ನೋಡಿಕೊಂಡು ಸೊನ್ನೆಯನ್ನು ಕೈಬಿಟ್ಟರೆ ಪ್ರತಿಸಲವೂ ಒಂದು ಬಫರ್ ಸೋರಿಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಹತ್ತು ನಿಮಿಷ ಓಡಿಸಿದರೆ ಇದು ಕಾಣದು. ತಿಂಗಳುಗಟ್ಟಲೆ ಓಡುವ ಸರ್ವರ್ ಮಾತ್ರ ನಿಧಾನವಾಗಿ ಕುಸಿಯುತ್ತದೆ. ಕೈಪಿಡಿಯಲ್ಲಿ ಈ ನಿಯಮ ಸ್ಪಷ್ಟವಾಗಿಯೇ ಇದೆ, ನಿಜ. ಕೈಪಿಡಿಯನ್ನು ಕೊನೆಯವರೆಗೆ ಓದುವ ವಿದ್ಯಾರ್ಥಿಗಳು ಎಷ್ಟು ಜನ ಎಂಬುದು ಅಧ್ಯಾಪಕರಿಗೆ ಗೊತ್ತೇ ಇದೆ. ನಿಯಮವನ್ನು ನೆನಪಿಸುವ ಏನೂ ಫಂಕ್ಷನ್ನಿನ ರಚನೆಯಲ್ಲೇ ಇಲ್ಲದಿರುವುದು ನನ್ನ ಮಟ್ಟಿಗೆ ವಿನ್ಯಾಸದ ಕೊರತೆ.

ಇನ್ನೊಂದು ಮಾತು. ಲಿಬ್‌ಯುವಿ ಸೂಚಿಸುವ ಗಾತ್ರ 65,536 ಬೈಟ್. ಬಂದದ್ದು 100 ಬೈಟ್ ಆಗಿದ್ದು, ಅದನ್ನು ಅದೇ ಬಫರಿನಲ್ಲಿ ಸರತಿಯಲ್ಲಿಟ್ಟರೆ ಉಳಿದ 65,436 ಬೈಟುಗಳೂ ಬಂಧಿಯಾಗುತ್ತವೆ. ನಕಲು ಮಾಡುವುದೆಂದರೆ ದುಂದು ಎಂದು ಕಲಿಸಿದ್ದೇವೆ. ಇಲ್ಲಿ ನಕಲೇ ಉಳಿತಾಯ. ಲಿನಕ್ಸ್‌ನಲ್ಲಿ ಇಡೀ ಲೂಪಿಗೆ ಒಂದೇ ಬಫರ್ ಇಟ್ಟುಕೊಂಡು, ಬೇಕಾದಷ್ಟನ್ನು ಕೂಡಲೇ ನಕಲಿಸಿಕೊಂಡರೆ ಸೊನ್ನೆಯ ಸಮಸ್ಯೆಯೂ ಬಗೆಹರಿಯುತ್ತದೆ.

ಲಿನಕ್ಸ್‌ನ ಐಓ-ಯುರಿಂಗ್ ಬೇರೆ ದಾರಿ ಹಿಡಿದಿದೆ. 2020ರ 5.7ನೇ ಆವೃತ್ತಿಯಿಂದ, ನಾವು ಒಪ್ಪಿಸಿದ ಬಫರುಗಳ ರಾಶಿಯಿಂದ ಮಾಹಿತಿ ಬಂದಾಗ ಕರ್ನೆಲ್ಲೇ ಒಂದನ್ನು ಆರಿಸಿಕೊಳ್ಳಬಲ್ಲದು. ಮರಳಿಸುವ ಕೆಲಸ ಅಲ್ಲಿಯೂ ನಮ್ಮದೇ. ಮರೆತರೆ ಮಾತ್ರ ರಾಶಿ ಬರಿದಾಗಿ, ‘ಬಫರ್ ಇಲ್ಲ’ ಎಂಬ ದೋಷ ಕಣ್ಣಿಗೆ ರಾಚುತ್ತದೆ.