ಸಂಚಾರಿ ಮಾಪಕದ ಸಾಕ್ಷ್ಯ

ಸೆಕೆಂಡೊಂದಕ್ಕೆ ಶತಕೋಟಿ ಬಾರಿ ದಿಕ್ಕು ಬದಲಿಸುವ ವಿದ್ಯುತ್ತಿನ ಸಾಮರ್ಥ್ಯವನ್ನು ಅಳೆಯುವ ಒಂದು ಹಳೆಯ ಮಾರ್ಗವೆಂದರೆ, ಅದು ಹುಟ್ಟಿಸುವ ಕಾವನ್ನು ಅಳೆಯುವುದು. ಥರ್ಮಿಸ್ಟರೆಂಬ ಕಿರುಮಣಿಯನ್ನು ಅಲೆಯು ಎಷ್ಟು ಕಾಯಿಸಿತೋ ಅಷ್ಟೇ ನೇರ ವಿದ್ಯುತ್ತನ್ನು ಹಿಂತೆಗೆದು, ಮಣಿಯ ರೋಧವನ್ನು ಅಚಲವಾಗಿರಿಸಿದಲ್ಲಿ, ಹಿಂತೆಗೆದ ಆ ಮೊತ್ತವೇ ಅಲೆಯ ಪ್ರಮಾಣವನ್ನು ನುಡಿಯುತ್ತದೆ. ಆದರೆ ಅಲೆಯ ಅಲ್ಪಾಂಶವು ಮಣಿಯನ್ನು ಮುಟ್ಟುವ ಮುನ್ನವೇ ಮಣಿಯನ್ನು ಹೊತ್ತ ಮಾಪಕದ ಲೋಹದ ಗೋಡೆಗಳಲ್ಲಿ ಕರಗಿಹೋಗುವುದರಿಂದ, ಆ ನಷ್ಟವನ್ನರಿಯಲು ಮಾಪಕವನ್ನೇ ಸೂಕ್ಷ್ಮ ಉಷ್ಣಮಾಪಿಯೊಳಗಿರಿಸಿ, ಒಂದೊಂದು ಆವರ್ತನಕ್ಕೂ ಉಷ್ಣವು ಸಮಸ್ಥಿತಿಗೆ ಬರುವವರೆಗೆ ಗಂಟೆಗಟ್ಟಲೆ ಕಾಯಬೇಕು. ಈ ಸಹನೆಯೇ ನನಗೆ ಪರಮ ಶ್ಲಾಘ್ಯವಾಗಿ ತೋರುತ್ತದೆ.

ಇನ್ನು ದೇಶದೇಶಗಳ ಇಂತಹ ಅಳತೆಗಳನ್ನು ಒಂದಕ್ಕೊಂದು ಹೋಲಿಸಿ ನೋಡುವ ಕ್ರಮ. ಒಂದೇ ಮಾಪಕವು ದೇಶದಿಂದ ದೇಶಕ್ಕೆ ಪಯಣಿಸುತ್ತಿರಲು, ಪ್ರತಿಯೊಂದು ರಾಷ್ಟ್ರೀಯ ಪ್ರಯೋಗಾಲಯವೂ ಇತರರ ಅಂಕಿಗಳನ್ನರಿಯದೆಯೇ ತನ್ನ ಫಲಿತಾಂಶವನ್ನೂ, ಅದರಲ್ಲಿ ತನಗಿರುವ ಅನಿಶ್ಚಿತತೆಯ ಪ್ರಮಾಣವನ್ನೂ ಬರೆದೊಪ್ಪಿಸುತ್ತದೆ. (ಸಂದೇಹಕ್ಕೂ ಸಹಿ ಹಾಕಿ ಕೊಡುವ ಈ ಪದ್ಧತಿ ಇತರ ಶಾಸ್ತ್ರಗಳಿಗೂ ಬಂದರೆ ಲೇಸು.) ಮಾಪಕವಾದರೋ, ತವರಿಗೆ ಬಂದುಹೋಗುವ ಮಗಳಂತೆ, ನಡುನಡುವೆ ಹೋಲಿಕೆಯನ್ನು ನಡೆಸುವ ಮುಖ್ಯ ಪ್ರಯೋಗಾಲಯಕ್ಕೆ ಮರಳಿ, ಪ್ರಯಾಣದಲ್ಲಿ ತಾನೇ ಬದಲಾಗಿದೆಯೇ ಎಂಬ ಪರೀಕ್ಷೆಗೆ ಒಳಗಾಗುತ್ತದೆ. ರಾಷ್ಟ್ರಗಳು ಪರಸ್ಪರರ ಅಳತೆಗಳನ್ನು ಮನ್ನಿಸುವ 1999ರ ಒಡಂಬಡಿಕೆಯು ಇಂತಹ ಹೋಲಿಕೆಗಳನ್ನೇ ಆಧಾರವಾಗಿ ಹೊಂದಿದೆ. ಮಾಪಕದ ಜೋಡಣೆಯ ತಿರುಪಿನ ಬಿಗಿತದಲ್ಲಿ ತುಸು ವ್ಯತ್ಯಾಸವಾದರೂ ಅಂಕಿ ಕದಲುವುದರಿಂದ, ಅದನ್ನು ಬಿಗಿಯುವ ಕೈಗೂ ನಿಯತಬಲದ ವ್ರೆಂಚೊಂದನ್ನು ಕೊಟ್ಟಿರುತ್ತಾರೆ.